ಸಾದಾ ಪ್ರತಿ

ಕೆಲಸಕ್ಕೆ ಬಂದ ಮೊದಲ ದಿನವೇ ಶಿವಕಿರಣ್ ವಿಜಯಶ್ರೀಯಿಂದ ಬೈಸಿಕೊಂಡ. ತಪ್ಪು ಅವನದಾಗಿರಲಿಲ್ಲ. ಆದರೆ ಅದು ಅವಳಿಗೆ ತಿಳಿಯುವಷ್ಟರಲ್ಲಿ ಬೈಗುಳ ಮುಗಿದುಹೋಗಿತ್ತು.

"ಏನ್ರೀ ಇದು? ಟೇಬಲ್ಲು ನೋಡ್ರಿ! ಎತ್ತರದ ಜಾಗದಾಗ ನಕ್ಷತ್ರ ಕುಂತೈತಿ. ಹುಡುಗಿ ಹೆಸರಿನ ಮುಂದ ಅವರಪ್ಪನ ಸಂಬಳ ಐತಿ. ಇದನ್ನ ಗಿರಾಕಿ ಕೈಯಾಗ ಹೆಂಗ ಕೊಡ್ಲಿ?"

"ಅದು ಹಳೇ ಪ್ರೋಗ್ರಾಂ ಕಣ್ರೀ," ಎಂದ ಅವನು ಬ್ಯಾಗನ್ನು ಇನ್ನೂ ಹೆಗಲಿಂದ ಇಳಿಸದೆ. "ಸರಿ ಮಾಡೋಕೇ ನನ್ನ ಕರ್ಸಿರೋದು."

ವಿಜಯಶ್ರೀ ತುಟಿ ಕಚ್ಚಿಕೊಂಡಳು. ಅವನು ಅದನ್ನು ನೋಡಿಯೂ ನೋಡದವನಂತೆ ಕಿಟಕಿಯ ಕಡೆ ತಿರುಗಿ ನಕ್ಕ.

ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಎದುರು, ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಬಸವಲಿಂಗಪ್ಪನವರ ಆಫೀಸು. ಮದುವೆ ವಯಸ್ಸಿನವರ ಬಯೋಡೇಟಾ ಮಾಡಿಕೊಡುವುದು ಅಲ್ಲಿನ ಕಸುಬು. ಹೆಸರು, ನಕ್ಷತ್ರ, ಓದು, ಸೋದರಮಾವನ ಊರು, ಎಲ್ಲವನ್ನೂ ಗಣಪತಿಯ ಚಿತ್ರದ ಕೆಳಗೆ ಚೆಂದವಾಗಿ ಕೂರಿಸಿ, ಸುತ್ತ ಬಳ್ಳಿಯ ಬಾರ್ಡರ್ ಹಾಕಿ ಪ್ರಿಂಟ್ ಕೊಡಬೇಕು. ಬಸವಲಿಂಗಪ್ಪನವರು ಗಿರಾಕಿಗಳ ಜೊತೆ ಮಾತಾಡುತ್ತಾರೆಯೇ ಹೊರತು ಕಂಪ್ಯೂಟರ್ ಮುಟ್ಟುವುದಿಲ್ಲ. ಮುಟ್ಟುವವಳು ಗದಗಿನಿಂದ ಬಂದು ಮೂರು ವರ್ಷವಾದ ವಿಜಯಶ್ರೀ ಒಬ್ಬಳೇ. ಶಿವಕಿರಣ್ ವಾರಕ್ಕೆ ಮೂರು ದಿನ ಅನ್ನಪೂರ್ಣೇಶ್ವರಿ ನಗರದಿಂದ ಬೈಕಿನಲ್ಲಿ ಬಂದು ಪ್ರೋಗ್ರಾಂ ಬರೆಯುತ್ತಿದ್ದ.

ಆ ಮೂರು ದಿನಗಳಲ್ಲಿ ತಾನು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇನೆಂದು ವಿಜಯಶ್ರೀಗೆ ಗೊತ್ತಾಗಿದ್ದು ಬಹಳ ತಡವಾಗಿ. ಒಮ್ಮೆ ಅವನು ಊಟದ ಡಬ್ಬಿ ಮರೆತು ಬಂದಿದ್ದ. ಅವಳು ಜೋಳದ ರೊಟ್ಟಿಯನ್ನು ಎರಡು ಭಾಗ ಮಾಡಿ ಅರ್ಧವನ್ನು ಅವನ ಮುಂದಿಟ್ಟಳು. ಅವನು ಅದನ್ನು ಚಪಾತಿಯಂತೆ ಸುತ್ತಲು ಹೋಗಿ ಪುಡಿಪುಡಿ ಮಾಡಿಕೊಂಡ.

"ನಿಮ್ಮ ಊರಾಗ ರೊಟ್ಟಿ ತಿನ್ನೂದೂ ಕಲಸಂಗಿಲ್ಲೇನು?" ಎಂದು ಅವಳು ಕಣ್ಣು ಸಣ್ಣದು ಮಾಡಿ ಕೇಳಿದಳು.

"ನೀವು ಕಲಿಸಿ," ಎಂದ. ಅಷ್ಟೇ. ಆಮೇಲೆ ಗೋಡೆಯ ಗಡಿಯಾರ ನೋಡುತ್ತ ಕೂತ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಈ ಮನುಷ್ಯ ಸುಗ್ಗಿಯ ಕಾಲದಲ್ಲೂ ಹಸಿದೇ ಇರುವ ಜಾತಿ. ಕತ್ತಲಾದ ಮಾನಿಟರಿನಲ್ಲಿ ಅವನ ಕಣ್ಣು ತನ್ನ ಬೆನ್ನಿನ ಮೇಲಿರುವುದು ಎಷ್ಟೋ ಸಲ ಅವಳಿಗೆ ಕಂಡಿತ್ತು. ತಿರುಗಿದರೆ ಅವನು ಕೀಬೋರ್ಡಿನ ಧೂಳು ಊದುತ್ತಿರುತ್ತಿದ್ದ.

ಯುಗಾದಿಯ ಮಾರನೆಯ ವಾರ ಪ್ರೋಗ್ರಾಂ ಸಿದ್ಧವಾಯಿತು. ಅದನ್ನು ನೋಡಿಕೊಳ್ಳಲು ಅವನು ಬರುವುದು ಮಾತ್ರ ನಿಲ್ಲಲಿಲ್ಲ. ಗಿರಾಕಿಗಳು ಕಳಿಸಿದ್ದನ್ನು ಪೇಜಿನೊಳಗೆ ಪೇಸ್ಟ್ ಮಾಡಿದರೆ ಬೇಡದ ಬಣ್ಣ, ಬೇಡದ ಅಕ್ಷರಶೈಲಿ ತಾನಾಗಿ ತೊಳೆದುಹೋಗುತ್ತಿತ್ತು. ಹೊರಗೆ ಒಯ್ಯಲು "ನಕಲು" ಎಂಬ ಬಟನ್ ಇತ್ತು.

"ಇದನ್ನ ಒತ್ತಿದ್ರೆ ಕ್ಲಿಪ್‌ಬೋರ್ಡ್‌ಗೆ ಅಂದ್ರೆ ಪೇಸ್ಟ್ ಮಾಡೋವರೆಗೆ ನಕಲು ಕೂರೋ ಜಾಗಕ್ಕೆ, ಒಂದೇ ಸಲ ಎರಡು ಪ್ರತಿ ಹೋಗುತ್ತೆ," ಎಂದು ಅವನು ವಿವರಿಸಿದ. "ಒಂದು ಅಲಂಕಾರದ್ದು. ಟೇಬಲ್ಲು, ಬಣ್ಣ, ದಪ್ಪಕ್ಷರ ಎಲ್ಲಾ ಇರುತ್ತೆ. ಇನ್ನೊಂದು ಸಾದಾ, ಬರೀ ಅಕ್ಷರ. ನೀವು ಎಲ್ಲಿ ಪೇಸ್ಟ್ ಮಾಡ್ತೀರೋ ಅದು ತನಗೆ ಬೇಕಾದ್ದನ್ನ ತಗೊಳ್ಳುತ್ತೆ."

"ನಮ್ಮ ಪ್ರಿಂಟಿನ ಫೈಲು ಯಾವುದು ತಗೋತೈತಿ?"

"ಅಲಂಕಾರದ್ದು."

"ಹಂಗಾದ್ರ ಸಾದಾದ್ದು ಯಾರಿಗೆ?"

"ಇಲ್ಲಿ ಯಾರಿಗೂ ಬೇಕಾಗಲ್ಲ. ಸುಮ್ನೆ ಜೊತೆಗೆ ಹೋಗುತ್ತೆ," ಎಂದು ಅವನು ಕಿವಿಯ ತುದಿ ಮುಟ್ಟಿಕೊಂಡ. ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಶ್ರಾವಣದ ಒಂದು ಶುಕ್ರವಾರ ಬೆಳಿಗ್ಗೆ ಊರಿನಿಂದ ಅವ್ವ ಶಾಂತವ್ವ ಫೋನ್ ಮಾಡಿದಳು. ರಾಣೆಬೆನ್ನೂರಿನ ಹುಡುಗ ಕಲ್ಮೇಶ್, ಬ್ಯಾಂಕಿನಲ್ಲಿ ಕೆಲಸ, ಮನೆತನ ಒಳ್ಳೆಯದು. ಭಾನುವಾರ ಹೆಣ್ಣು ನೋಡಲು ಬರುತ್ತಾರೆ. ಹನ್ನೆರಡು ಗಂಟೆಯೊಳಗೆ ಬಯೋಡೇಟಾ ಕಳಿಸಿದರೆ ಹೂಂ ಎಂದ ಹಾಗೆ, ಕಳಿಸದಿದ್ದರೆ ಬೇಡವೆಂದ ಹಾಗೆ. "ಆ ಪಿಡಿಎಫ್ ಗಿಡಿಎಫ್ ನನಗ ತೆಗ್ಯಾಕ ಬರಂಗಿಲ್ಲ. ಅಕ್ಷರದಾಗ ಕಳಸು," ಎಂದಳು.

ಬೇಡ ಎನ್ನಲು ವಿಜಯಶ್ರೀಯ ಬಳಿ ಒಂದು ಕಾರಣವಿತ್ತು. ಆ ಕಾರಣ ಈಗ ಪಕ್ಕದ ಮೇಜಿನಲ್ಲಿ ಕೂತು ವೈರು ಸುತ್ತುತ್ತಿತ್ತು. ಅವನು ಒಂದೇ ಒಂದು ಮಾತು ಆಡಿದರೆ ಸಾಕಿತ್ತು. ಆಡದವನಿಗಾಗಿ ಮನೆಯವರ ಮುಂದೆ ಏನೆಂದು ಹೇಳುವುದು?

ಹನ್ನೊಂದೂವರೆಗೆ ಅವಳೇ ಬಾಯಿ ಬಿಟ್ಟಳು. "ಇವತ್ತು ನಂದೂ ಒಂದು ಬಯೋಡೇಟಾ ಮಾಡ್ಬೇಕ್ರಿ. ಭಾನುವಾರ ನೋಡಾಕ ಬರ್ತಾರಂತ."

ಶಿವಕಿರಣನ ಕೈ ನಿಂತಿತು. ಕೆಳಗೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಅವಳು ಕಾದಳು.

"ಹೌದಾ," ಎಂದ ಅವನು ಕೊನೆಗೆ. "ಯಾವ ಬಾರ್ಡರ್ ಹಾಕ್ಲಿ?"

ಅವಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಬಾರ್ಡರ್ ಅಂತೆ! "ಯಾವುದೂ ಬ್ಯಾಡ. ನಾನ ಮಾಡ್ಕೋತೀನಿ," ಎಂದು ಕುರ್ಚಿ ತಿರುಗಿಸಿಕೊಂಡಳು.

ನೂರಾರು ಜನರದ್ದನ್ನು ತುಂಬಿದ ಅದೇ ಪೇಜಿನಲ್ಲಿ ತನ್ನದನ್ನು ತುಂಬಿದಳು. ಎತ್ತರ ಐದಡಿ ಮೂರಿಂಚು. ಹವ್ಯಾಸ, ಓದು. ನಿರೀಕ್ಷೆ ಎಂಬಲ್ಲಿ ಸ್ವಲ್ಪ ಹೊತ್ತು ತಡೆದು, "ಒಳ್ಳೆಯ ಸ್ವಭಾವ" ಎಂದು ಬರೆದಳು. "ನಕಲು" ಒತ್ತಿದಳು. ಪಕ್ಕದಲ್ಲೇ ವಾಟ್ಸಾಪ್ ತೆರೆದಿತ್ತು. ಅವ್ವನ ಹೆಸರಿನಲ್ಲಿ ಪೇಸ್ಟ್ ಮಾಡಿ ಎಂಟರ್ ಒತ್ತುವಾಗ ಅವಳ ಕಣ್ಣು ಸ್ಕ್ರೀನಿನ ಮೇಲಿರಲಿಲ್ಲ. ತಲೆ ತಗ್ಗಿಸಿ ಕೂತಿದ್ದ ಶಿವಕಿರಣನ ಕತ್ತಿನ ಮೇಲಿತ್ತು.

ಹತ್ತು ನಿಮಿಷಕ್ಕೆ ಅವ್ವನ ವಾಯ್ಸ್ ಮೆಸೇಜ್ ಬಂತು. ಒತ್ತಿದರೆ ಸ್ಪೀಕರಿನಿಂದ ಆಫೀಸು ತುಂಬ ಕೇಳಿಸಿತು.

"ಏ ವಿಜಿ, ನಿನ್ನ ಬಯೋಡೇಟಾ ಬಂತವಾ. ಚಾಳೀಸು ಹಾಕ್ಕೊಂಡು ಎರಡ ಸರ್ತಿ ಓದೀನಿ. ಎತ್ತರ ಇಲ್ಲ, ನಕ್ಷತ್ರ ಇಲ್ಲ, ಬರೇ ರೊಟ್ಟಿ ಐತಿ. ಯಾರವಾ ಇಂವಾ?"

ವಿಜಯಶ್ರೀ ಗಾಬರಿಯಿಂದ ಸ್ಕ್ರೀನ್ ನೋಡಿದಳು. ಅವಳು ಕಳಿಸಿದ್ದರ ಜಾಗದಲ್ಲಿ ಹೀಗಿತ್ತು:

"ಇದು ಸಾದಾ ಪ್ರತಿ, ಪರೀಕ್ಷೆ. ವಿಜಯಶ್ರೀ ಅವರೇ, ಇಲ್ಲಿಗೆ ನೀವು ಬರಲ್ಲ ಅಂತ ಧೈರ್ಯವಾಗಿ ಬರೀತಿದೀನಿ. ಅರ್ಧ ರೊಟ್ಟಿ ಕೊಟ್ಟ ದಿನದಿಂದ ನೀವಂದ್ರೆ ನನಗೆ ತುಂಬಾ ಇಷ್ಟ. ನೀವು ಬೈದ್ರೂ ಇಷ್ಟ. ನಾನಿಲ್ಲಿಗೆ ಬರದ ದಿನ ನನಗೆ ಊಟ ಸೇರಲ್ಲ. ಎದುರಿಗೆ ಹೇಳೋಕೆ ಬಾಯಿ ಬರ್ತಿಲ್ಲ. ಪರೀಕ್ಷೆ ಮುಗೀತು."

ಅವಳು ತಿರುಗುವಷ್ಟರಲ್ಲಿ ಶಿವಕಿರಣ್ ಎದ್ದು ನಿಂತಿದ್ದ.

"ಯಾವ ಪ್ರತಿ ಎಲ್ಲಿಗೆ ಹೋಗುತ್ತೆ ಅಂತ ನೋಡೋಕೆ ಸಾದಾ ಜಾಗದಲ್ಲಿ ಬೇರೆ ಏನಾದ್ರೂ ಬರೀತೀವಿ," ಎಂದು ತೊದಲಿದ. "ಆಮೇಲೆ ತೆಗೀಬೇಕಿತ್ತು. ತೆಗ್ಯೋಕೆ ಮನಸ್ಸು ಬರ್ಲಿಲ್ಲ. ನೀವು ಪ್ರಿಂಟ್ ಫೈಲಲ್ಲಿ ಮಾತ್ರ ಪೇಸ್ಟ್ ಮಾಡ್ತೀರಲ್ಲ, ಯಾರಿಗೂ ಕಾಣಲ್ಲ ಅಂದ್ಕೊಂಡೆ. ವಾಟ್ಸಾಪ್ ಸಾದಾದ್ದನ್ನೇ ತಗೊಳ್ಳುತ್ತೆ."

ವಿಜಯಶ್ರೀ ಲೆಕ್ಕ ಹಾಕಿದಳು. ನಾಲ್ಕು ತಿಂಗಳು. ದಿನಕ್ಕೆ ಇಪ್ಪತ್ತು ಸಲವಾದರೂ ಆ ಬಟನ್ ಒತ್ತಿದ್ದಾಳೆ. ಯಾರ್ಯಾರದೋ ನಕ್ಷತ್ರ, ಯಾರ್ಯಾರದೋ ಸೋದರಮಾವಂದಿರ ಜೊತೆ ಈ ಮಾತನ್ನು ದಿನವೂ ತಾನೇ ಹೊತ್ತು ಒಯ್ದಿದ್ದಾಳೆ, ತನಗೇ ತಿಳಿಯದೆ. ಅವನು ಏನೂ ಹೇಳುವುದಿಲ್ಲ ಎಂದು ಕೊರಗಿದ ದಿನಗಳಲ್ಲೂ ಅದು ಅವಳ ಕೈಯಲ್ಲೇ ಇತ್ತು.

"ಸಾರಿ. ಈಗ್ಲೇ ಅಳಿಸ್ತೀನಿ. ನಿಮ್ಮಮ್ಮಂಗೆ ಏನೋ ತಪ್ಪಾಯ್ತು ಅಂತ ಟೈಪ್ ಮಾಡ್ತೀನಿ," ಎಂದು ಅವನು ಕೀಬೋರ್ಡಿಗೆ ಕೈ ಚಾಚಿದ. ಅವಳು ಆ ಕೈಯ ಮೇಲೆ ತನ್ನ ಕೈ ಇಟ್ಟಳು.

"ಟೈಪ್ ಮಾಡೂದು ಸಾಕ್ರಿ. ಬಾಯಿಲೆ ಹೇಳ್ರಿ."

ಅವನು ಕಿಟಕಿ ನೋಡಿದ, ಗಡಿಯಾರ ನೋಡಿದ. ಅದು ಹನ್ನೆರಡಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಕೊನೆಗೆ ಬೇರೆ ದಾರಿಯಿಲ್ಲದೆ ಅವಳನ್ನೇ ನೋಡಿದ.

"ಭಾನುವಾರ ಅವ್ರು ಬರೋದು ಬೇಡ," ಎಂದ. "ನನಗೆ ನೀವು ಬೇಕು ವಿಜಯಶ್ರೀ. ನಿಮಗೂ ಹಾಗೇ ಅನ್ಸುತ್ತಾ ಅಂತ ಕೇಳ್ಬೇಕಿತ್ತು. ಇಲ್ಲ ಅಂದ್ಬಿಟ್ರೆ ವಾರದ ಈ ಮೂರು ದಿನಾನೂ ಹೋಗುತ್ತಲ್ಲ ಅಂತ ಭಯ."

"ಹೂಂ ಅಂದ್ರ?"

ಅವಳ ಕೈ ಇನ್ನೂ ಅವನ ಕೈಯ ಮೇಲೇ ಇರುವುದು ಆಗ ಅವನಿಗೆ ಗೊತ್ತಾಯಿತು. ಅವನು ಮೆಲ್ಲಗೆ ತನ್ನ ಅಂಗೈಯನ್ನು ಮೇಲಕ್ಕೆ ತಿರುಗಿಸಿದ.

ಫೋನ್ ಮತ್ತೆ ಸದ್ದು ಮಾಡಿತು. ಶಾಂತವ್ವನೇ. "ರಾಣೆಬೆನ್ನೂರಿನವ್ರಿಗೆ ಒಂದೆರಡು ದಿನ ತಡೀರಿ ಅಂತೀನಿ. ಮೊದಲ ಈ ರೊಟ್ಟಿ ಹುಡುಗನ ಬಯೋಡೇಟಾ ಕಳಸು, ನೋಡೂಣು."

ವಿಜಯಶ್ರೀ ಕೆನ್ನೆ ಒರೆಸಿಕೊಂಡು ಹೊಸ ಪೇಜ್ ತೆರೆದಳು. ಹೆಸರು ಕೇಳದೆ ಬರೆದಳು. ಎತ್ತರ ಕೇಳಿದಳು, ನಕ್ಷತ್ರ ಕೇಳಿದಳು. ಸ್ವಾತಿ ಇರಬೇಕು, ಅಮ್ಮನನ್ನು ಕೇಳಿ ಹೇಳುತ್ತೇನೆ ಎಂದ. ನಿರೀಕ್ಷೆ ಏನು ಎಂದು ಕೇಳಿದಾಗ, "ದಿನಾ ಅರ್ಧ ರೊಟ್ಟಿ," ಎಂದ. ಈ ಸಲ ಗಡಿಯಾರ ನೋಡಲಿಲ್ಲ.

"ಯಾವ ಬಾರ್ಡರ್ ಹಾಕ್ಲಿ?" ಎಂದಳು ಅವಳು, ಅವನದೇ ಧ್ವನಿಯಲ್ಲಿ.

"ಅಯ್ಯೋ, ಬಿಡ್ರೀ."

ಇಬ್ಬರೂ ನಕ್ಕರು. ಆ ನಗುವಿನಲ್ಲಿ ಸಾದಾ ಪ್ರತಿಯಿಂದ ತೆಗೆಯಬೇಕಾಗಿದ್ದ ಸಾಲುಗಳು ಇಬ್ಬರಿಗೂ ಮರೆತೇ ಹೋದವು. ಅವಳು "ನಕಲು" ಒತ್ತಿ, ಅವ್ವನಿಗೆ ಪೇಸ್ಟ್ ಮಾಡಿ, ಅವನ ಮುಖ ನೋಡುತ್ತಲೇ ಎಂಟರ್ ಒತ್ತಿದಳು.

ಈ ಸಲ ಉತ್ತರ ಬೇಗ ಬಂತು.

"ಗೊತ್ತಾತು ಬಿಡವಾ," ಎಂದಳು ಶಾಂತವ್ವ. "ರೊಟ್ಟಿ ಸುದ್ದಿ ಆಗಲೇ ಓದೀನಿ. ಹುಡುಗನ ಹೆಸರರೆ ಹೇಳು."