ಗೋಲಿಗೆ ಮುಂಚಿನ ಉಸಿರು

"ಗಲ್ಲ ಇಲ್ಲಿಡಿ. ಅಲುಗಾಡಬೇಡಿ."

ಹಾಗೆಂದು ತಲೆಯೆತ್ತಿದವಳು ಅಲ್ಲೇ ಕಲ್ಲಾದಳು.

ಕಣ್ಣು ಪರೀಕ್ಷಿಸುವ ಯಂತ್ರದ ಮುಂದೆ ಟೋಪಿ ತೆಗೆದು ಕುಳಿತಿದ್ದವನು ಅವನೇ. ಊರಿನ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ವರ್ಷದಿಂದ ಪ್ರತಿ ಪಂದ್ಯದಲ್ಲೂ ಅವಳು ಗಂಟಲು ಹರಿಯುವಂತೆ ಬೈದ ಮನುಷ್ಯ. 'ತೂತುಕೈ' ಎಂದು ಅವನಿಗೆ ಹೆಸರಿಟ್ಟವಳೂ ಅವಳೇ. ಈಗ ಊರಿಗೆ ಊರೇ ಹಾಗೆ ಕರೆಯುತ್ತಿತ್ತು.

ಕನ್ನಡಕದ ಅಂಗಡಿಯ ಒಳಕೋಣೆ ಕಿರಿದು. ದೀಪ ಸಣ್ಣದು. ಇಬ್ಬರ ಮುಖಗಳ ನಡುವೆ ಇದ್ದದ್ದು ಆ ಯಂತ್ರವೊಂದೇ.

"ಕ್ಲಬ್‌ನವರು ಕಳಿಸಿದ್ರು," ಅಂದ ಅವನು. "ಕಣ್ಣು ತೋರಿಸ್ಕೊಂಡು ಬಾ ಅಂತ."

"ಅವರಿಗೆ ಈಗ ಜ್ಞಾನೋದಯ ಆಯ್ತಾ?"

ಅವನು ಯಂತ್ರದಿಂದ ಗಲ್ಲ ತೆಗೆದು ಅವಳನ್ನು ನೋಡಿದ. "ನೀವು ಗೋಲ್ ಬಲೆ ಹಿಂದಿನ ಗ್ಯಾಲರಿಯವರಲ್ವಾ?"

"ಮುಖ ನೆನಪಿದೆಯಾ?"

"ದನಿ ನೆನಪಿದೆ. ಟಿವಿಯಲ್ಲಿ ಪಂದ್ಯ ಮತ್ತೆ ಹಾಕಿದಾಗ ಕೇಳಿ ನಮ್ಮ ಅಜ್ಜಿನೂ ಗುರುತು ಹಿಡೀತಾರೆ. 'ನೋಡು, ನಿನ್ನ ಹುಡುಗಿ ಬೈಯಕ್ಕೆ ಶುರು ಮಾಡಿದ್ಳು' ಅಂತಾರೆ."

ಅವಳಿಗೆ ನಗು ಬರಲಿಲ್ಲ. ಗೋಡೆಯ ಮೇಲಿನ ಅಕ್ಷರಗಳನ್ನು ಓದಲು ಹೇಳಿದಳು. ಅವನು ಎಲ್ಲವನ್ನೂ ಓದಿದ. ಕೊನೆಗೆ ಹಲಗೆಯ ಮೂಲೆಯಲ್ಲಿ ಇರುವೆಯಷ್ಟು ಸಣ್ಣದಾಗಿದ್ದ ಮುದ್ರಣಾಲಯದ ಹೆಸರನ್ನೂ ಓದಿದ.

ಕಣ್ಣಿಗೆ ಏನೂ ಆಗಿರಲಿಲ್ಲ!

'ಹಾಗಾದರೆ ಅವತ್ತು...?' ಅವಳು ಯಂತ್ರವನ್ನು ಬದಿಗೆ ಸರಿಸಿದಳು.

"ಕಳೆದ ವರ್ಷದ ಕೊನೇ ಪಂದ್ಯ," ಅಂದಳು. "ಡ್ರಾ ಆಗಿದ್ರೂ ನಾವು ಮೇಲಿನ ಲೀಗ್‌ನಲ್ಲಿ ಉಳೀತಿದ್ವಿ. ಆ ಚೆಂಡು ಉರುಳ್ಕೊಂಡು ಬಂತು. ಮಗು ಕೂಡ ಹಿಡೀತಿತ್ತು. ಇಷ್ಟು ಚೆನ್ನಾಗಿ ಕಾಣೋರು ಯಾಕೆ ಬಿಟ್ರಿ? ಬೇಕಂತ ಬಿಟ್ರಾ?"

ಅವನ ಮುಖ ಬಿಳಿಚಿತು.

"ಇಲ್ಲ. ಅವತ್ತು ಕಣ್ಣು ಬೇರೆ ಕಡೆ ಇತ್ತು."

"ಎಲ್ಲಿ?"

ಅವನು ಟೋಪಿ ಹಾಕಿಕೊಂಡು ಎದ್ದು ಹೋದ.

*

ಆ ಪಂದ್ಯ ಅವಳ ಪಾಲಿಗೆ ಮುಗಿದೇ ಇರಲಿಲ್ಲ.

ಅವಳ ಎಡಗಡೆಯ ಕುರ್ಚಿ ಅಪ್ಪನದು. ಅವಳು ಲಂಗ ಹಾಕುತ್ತಿದ್ದ ಕಾಲದಿಂದಲೂ ಇಬ್ಬರೂ ಅಲ್ಲೇ ಕೂತು ಈ ಸೋಲುಬುರುಕ ತಂಡಕ್ಕೆ ಜೀವ ತೇದವರು. ಅಂದು ಅವಳು ಚೆಂಡಿನ ಮೇಲೆ ಕಣ್ಣು ನೆಟ್ಟಿದ್ದಳು. ಚೆಂಡು ಬಲೆ ಸೇರಿತು. "ಅಪ್ಪಾ, ನೋಡಿದ್ಯಾ?" ಎಂದು ತಿರುಗಿದಾಗ ಅಪ್ಪನ ತಲೆ ಎದೆಗೆ ವಾಲಿತ್ತು.

ಆ ಗೋಲು ಕಂಡೇ ಅಪ್ಪನ ಎದೆ ಒಡೆಯಿತೆಂದು ಅವಳು ನಂಬಿದಳು. ಅಮ್ಮನಿಗೂ ಹಾಗೆಯೇ ಹೇಳಿದಳು. ಯಾರ ಮೇಲಾದರೂ ಹೊರಿಸದೆ ಆ ಸಾವನ್ನು ಹೊರುವ ಶಕ್ತಿ ಅವಳಿಗಿರಲಿಲ್ಲ.

ಅಪ್ಪ ಮಾತ್ರ ಹೋಗಿರಲಿಲ್ಲ. ತಂಡ ಕೆಳಗಿನ ಲೀಗ್‌ಗೆ ಬಿದ್ದು ಅಲ್ಲೂ ಸೋಲುತ್ತಿತ್ತು. ಎದುರಾಳಿ ಗೋಲು ಹೊಡೆಯುವ ಮುಂಚೆ, ಪ್ರತಿ ಸಲವೂ, ಅವಳ ಎಡಗಿವಿಯ ಬಳಿ ಯಾರೋ ಉದ್ದಕ್ಕೆ ಉಸಿರೆಳೆದಂತೆ ಕೇಳುತ್ತಿತ್ತು. ಮೈ ಝುಂ ಎನ್ನುತ್ತಿತ್ತು. ತಿರುಗಿದರೆ ಖಾಲಿ ಕುರ್ಚಿ. ಮತ್ತೆ ಮೈದಾನದತ್ತ ನೋಡಿದರೆ ಚೆಂಡು ಬಲೆಯೊಳಗೆ.

'ಅಪ್ಪ ಮುಂಚೆಯೇ ತಿಳಿಸ್ತಾನೆ,' ಅಂದುಕೊಳ್ಳುತ್ತಿದ್ದಳು.

ಗ್ಯಾಲರಿಗೆ ಹೊಸ ಪದ್ಧತಿ ಕಲಿಸಿದವಳೂ ಅವಳೇ. ತೂತುಕೈ ಗೋಲ್ ಕಂಬಗಳ ನಡುವೆ ಬಂದು ನಿಲ್ಲುವಾಗ ಎಲ್ಲರೂ ಎದ್ದು ಅವನಿಗೆ ಬೆನ್ನು ತಿರುಗಿಸಬೇಕು. ಶಿಳ್ಳೆ ಊದಿದ ಮೇಲೆಯೇ ಮುಖ.

*

ಮುಂದಿನ ವಾರ ಅವನು ಅಜ್ಜಿಯನ್ನು ಕರೆದುಕೊಂಡು ಬಂದ.

"ಇವಳೇನಾ?" ಅಜ್ಜಿ ಅವಳ ಕೆನ್ನೆಯ ಹತ್ತಿರ ಮುಖ ತಂದು ನೋಡಿದರು. "ದನಿ ಕೇಳಿ ದಪ್ಪಗಿರ್ತೀಯ ಅಂದ್ಕೊಂಡಿದ್ದೆ. ನನಗೊಂದು ಕನ್ನಡಕ ಕೊಡು ತಾಯಿ. ಟಿವಿಯಲ್ಲಿ ಮೊಮ್ಮಗನ ಆಟ ಕಾಣ್ತಿಲ್ಲ."

"ಕಾಣದಿದ್ರೇ ನೆಮ್ಮದಿ ಅಜ್ಜಿ."

ಅಜ್ಜಿ ನಕ್ಕಿದ್ದೇ ನಕ್ಕಿದ್ದು. ಅವನೂ ನಕ್ಕ. ಅವನು ನಕ್ಕಾಗ ಎಡಗಣ್ಣು ಸ್ವಲ್ಪ ಹೆಚ್ಚು ಮುಚ್ಚುತ್ತದೆ ಎಂದು ಅವಳು ಕಂಡಳು. ಕಂಡಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಆಮೇಲೆ ಅಜ್ಜಿಯ ಕನ್ನಡಕದ ಕಡ್ಡಿ ಪದೇ ಪದೇ ಸಡಿಲವಾಗತೊಡಗಿತು. ಅವನು ಒಬ್ಬನೇ ತಂದು, ಗಾಜಿನ ಮೇಜಿನ ಆಚೆ ನಿಂತು ಕಾಯುತ್ತಿದ್ದ. ಮಾತು ಸ್ವಲ್ಪ ಸ್ವಲ್ಪವೇ ಬೆಳೆಯಿತು. ಚಿಕ್ಕಂದಿನಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡವನೆಂದು ತಿಳಿಯಿತು. ಅವಳು ಅಪ್ಪನ ವಿಷಯ ಎತ್ತಿದರೆ ಮಾತ್ರ ಅವನ ದೃಷ್ಟಿ ನೆಲಕ್ಕೆ ಹೋಗುತ್ತಿತ್ತು.

ಒಂದು ದಿನ ಸ್ಕ್ರೂ ತಲೆಯ ಮೇಲೆ ಹೊಸ ಗೀರು ಕಂಡಳು. ಇದು ತಾನಾಗಿ ಸಡಿಲವಾದದ್ದಲ್ಲ... ಯಾರೋ ಚಾಕುವಿನ ತುದಿಯಿಂದ ಬಿಚ್ಚಿದ್ದು. ಸರಿಮಾಡಿ ಕೊಟ್ಟಳು. ಪೂರ್ತಿ ಬಿಗಿ ಮಾತ್ರ ಮಾಡಲಿಲ್ಲ.

ಆ ಸಂಜೆ ಮನೆಗೆ ನಡೆಯುವಾಗ ಎಡಗಡೆ ಮತ್ತೆ ಆ ಉಸಿರು. ಬೀದಿಯಲ್ಲಿ ಹೀಗಾದದ್ದು ಅದೇ ಮೊದಲು.

'ನಿನ್ನನ್ನು ಕೊಂದವನ ಜೊತೆ ನಗ್ತಿದೀನಿ ಅಂತ ಸಿಟ್ಟಾ ಅಪ್ಪಾ?'

*

ಮುಂದಿನ ಪಂದ್ಯದ ದಿನ, ಇದರಲ್ಲೂ ಸೋತರೆ ತೂತುಕೈಯನ್ನು ತಂಡದಿಂದ ತೆಗೆಯುತ್ತಾರೆಂದು ಗ್ಯಾಲರಿ ತುಂಬ ಸುದ್ದಿ.

"ಇವತ್ತು ಬೆನ್ನು ಗಟ್ಟಿಯಾಗಿ ತಿರುಗಿಸಬೇಕು ಮಗಳೇ," ಅಂದರು ಹಿಂದಿನ ಸಾಲಿನ ಪೇಂಟರ್ ಮಾವ. "ನಿನ್ನಿಂದ ಶುರುವಾದ ಕೆಲಸ, ನೀನೇ ಮುಗಿಸು."

ಅವನು ಬಂದ. ಎಲ್ಲರೂ ಎದ್ದು ಬೆನ್ನು ತಿರುಗಿಸಿದರು. ಅವಳೂ ತಿರುಗಿದಳು. ಆದರೆ ಮನಸ್ಸು ತಡೆಯಲಿಲ್ಲ. ಭುಜದ ಮೇಲಿನಿಂದ ಹಿಂದೆ ನೋಡಿದಳು.

ಅವನು ಬೆನ್ನುಗಳನ್ನು ನೋಡುತ್ತಿರಲಿಲ್ಲ. ಅಪ್ಪನ ಖಾಲಿ ಕುರ್ಚಿಯನ್ನು ನೋಡುತ್ತಿದ್ದ. ಕೈಗವಸನ್ನು ಎದೆಗೆ ಒತ್ತಿ, ತಲೆ ಬಾಗಿಸಿ, ಆಮೇಲೆ ತನ್ನ ಜಾಗಕ್ಕೆ ಹೋಗಿ ನಿಂತ.

"ಮಾವ, ಇವರು ಯಾವಾಗಲೂ ಹೀಗೇನಾ?"

"ಹೆಂಗೆ? ಬೆನ್ನಲ್ಲೇನು ಕಣ್ಣಿದೆಯಾ ನಮಗೆ?"

ಆ ದಿನವೂ ತಂಡ ಸೋತಿತು. ಜನ ಉಗಿಯುತ್ತಾ ಹೊರಟರು. ಅವಳು ಮೆಟ್ಟಿಲಿಳಿದು ತಂತಿಬೇಲಿಯ ಬಳಿಗೆ ಹೋದಳು. ಅವನು ಗೋಲ್ ಕಂಬಕ್ಕೆ ಒರಗಿ ಒಬ್ಬನೇ ಕುಳಿತಿದ್ದ.

"ಅಪ್ಪನ ಕುರ್ಚಿಗೆ ಯಾಕೆ ತಲೆ ಬಾಗಿಸ್ತೀರಿ? ತಪ್ಪು ಮಾಡಿದೀನಿ ಅಂತಾನಾ?"

ಅವನು ಎದ್ದು ಬಂದ. ಬೇಲಿಯಾಚೆ ನಿಂತ.

"ಹೇಳಿ. ನಿಮ್ಮ ಕೈಯಿಂದ ಚೆಂಡು ಹೋಯ್ತು. ನಾನು ಅಪ್ಪನ ಕಡೆ ತಿರುಗಿದೆ. ಅಪ್ಪ ವಾಲಿದ್ದರು. ತಂಡದ ಡಾಕ್ಟರ್ ಆಗಲೇ ಬೇಲಿ ಹಾರಿ ಮೆಟ್ಟಿಲು ಹತ್ತುತ್ತಾ..."

ಅವಳ ಮಾತು ಅಲ್ಲೇ ನಿಂತಿತು.

ಆಗಲೇ...?

ಎಷ್ಟು ಸಲ ಹೇಳಿದ್ದ ಮಾತದು! ಅಮ್ಮನಿಗೆ, ನೆಂಟರಿಗೆ, ಗ್ಯಾಲರಿಗೆ. ಒಂದು ಸಲವೂ ತನ್ನ ಮಾತನ್ನು ತಾನೇ ಕೇಳಿಸಿಕೊಂಡಿರಲಿಲ್ಲ. ತಾನು ತಿರುಗುವ ಮುಂಚೆಯೇ ಡಾಕ್ಟರ್ ಓಡಿ ಬರುತ್ತಿದ್ದರೆ, ಅವರನ್ನು ಕರೆದವರು ಯಾರು?

ಉಸಿರು ಮೊದಲು. ಗೋಲು ಆಮೇಲೆ. ಒಂದು ವರ್ಷದಿಂದ ಅವಳ ಕಿವಿ ಅದನ್ನೇ ಹೇಳುತ್ತಿತ್ತು. ಅಂದು ಅಪ್ಪ ಉಸಿರೆಳೆದದ್ದನ್ನು ಆ ಕಿವಿ ಕೇಳಿತ್ತು. ಅವಳು ತಿರುಗಿರಲಿಲ್ಲ.

"ನೀವು..." ಅವಳು ತಂತಿ ಹಿಡಿದುಕೊಂಡಳು. "ನೀವು ಕರೆದ್ರಾ?"

"ಚೆಂಡು ಇನ್ನೂ ದೂರ ಇತ್ತು. ಹಿಂದೆ ಏನೋ ಬಿದ್ದ ಹಾಗಾಯ್ತು. ತಿರುಗಿದೆ. ಅವರು ಎದೆ ಹಿಡ್ಕೊಂಡಿದ್ರು. ಬದಿಯಲ್ಲಿ ಡಾಕ್ಟರ್ ಇದ್ರು, ಕೂಗಿ ಕೈ ಮಾಡಿದೆ. ಅಷ್ಟರಲ್ಲಿ..."

"ವರ್ಷವಿಡೀ ಬೈಸ್ಕೊಂಡ್ರಿ. ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಪಕ್ಕದಲ್ಲಿದ್ದ ಮಗಳಿಗೇ ಗೊತ್ತಾಗಲಿಲ್ಲ ಅಂತ ಆಗ್ತಿತ್ತು. ನನ್ನನ್ನ ಬೈದಾದ್ರೂ ನೀವು ನಿದ್ದೆ ಮಾಡಲಿ ಅನ್ನಿಸ್ತು."

ಅವಳು ಮೆಟ್ಟಿಲ ಮೇಲೆ ಕುಳಿತಳು. ಅವನು ಚಿಕ್ಕ ಗೇಟು ತೆಗೆದು ಒಳಗೆ ಬಂದ. ಒಂದು ಮೆಟ್ಟಿಲು ಕೆಳಗೆ ಕುಳಿತ. ಮುಟ್ಟಲಿಲ್ಲ.

ಅವಳು ಕೇಳಿದಳು. "ಕೊನೇಲಿ ಅಪ್ಪನನ್ನ ನೋಡಿದವರು ನೀವೊಬ್ರೇ. ಸುಳ್ಳು ಹೇಳಬೇಡಿ. ನನ್ನನ್ನ ಕರೀತಿದ್ರಾ?"

"ಇಲ್ಲ. ಕರೆಯೋಕೆ ಹೊತ್ತೇ ಇರಲಿಲ್ಲ."

"ಮತ್ತೆ? ಆ ಚೆಂಡನ್ನೇ ನೋಡ್ತಿದ್ರಾ?"

"ಚೆಂಡನ್ನಲ್ಲ. ನಿಮ್ಮನ್ನ. ನೀವು ತುದಿಗಾಲಲ್ಲಿ ನಿಂತು ಕೂಗ್ತಿದ್ರಿ. ಅದನ್ನ ನೋಡ್ತಾ ಇದ್ರು. ಆ ನೋವಲ್ಲೂ ಮುಖದಲ್ಲಿ ಸಿಟ್ಟಿರಲಿಲ್ಲ, ಭಯ ಇರಲಿಲ್ಲ. ಮಗಳನ್ನ ನೋಡೋ ಮುಖ ಅಷ್ಟೇ. ಆ ಮುಖ ನನಗೂ ಮರೆಯೋಕಾಗಲ್ಲ. ಅವರು ಹಾಗೆ ನೋಡಿದ ಹುಡುಗಿ ಯಾರು ಅಂತ ಆಮೇಲೆ ನಾನೂ ನೋಡ್ತಾ ಬಂದೆ. ನೋಡೋದು ನಿಲ್ಲಿಸೋಕೆ ಆಗಲಿಲ್ಲ."

ಅವಳು ಮುಖ ಮುಚ್ಚಿಕೊಂಡಳು. ವರ್ಷದಿಂದ ಕಟ್ಟಿಕೊಂಡಿದ್ದ ಅಳು ಈಗ ಬಂತು. ಎಡಗಡೆ ಏನೂ ಕೇಳಿಸಲಿಲ್ಲ. ಅದೇ ಇನ್ನಷ್ಟು ಅಳಿಸಿತು.

"ನಾನು ಈಗಲೇ ನಿಲ್ಲಿಸಲ್ಲ," ಅಂದಳು ಬಿಕ್ಕುತ್ತಾ. "ತುಂಬ ಹೊತ್ತು ಅಳ್ತೀನಿ."

"ಅಳಿ."

"ಒಳಗೆ ಕೋಚ್ ನಿಮ್ಮನ್ನ ಬೈಯೋಕೆ ಕಾಯ್ತಿರ್ತಾರೆ. ತಂಡದಿಂದ ತೆಗೀತಾರಂತೆ."

"ತೆಗೀಲಿ."

"ಹೋಗಲ್ವಾ?"

"ನೀವು ಹೋಗು ಅಂದ್ರೆ ಹೋಗ್ತೀನಿ."

ಅವಳು ಅನ್ನಲಿಲ್ಲ. ಕೈ ಚಾಚಿ, ಅವನ ಕೈಗವಸನ್ನು ಒಂದೊಂದೇ ಬೆರಳಿನಿಂದ ಎಳೆದು ತೆಗೆದಳು. ಆ ಬರಿಗೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು.