ನಂಬಲರ್ಹ ಮೂಲಗಳ ಪ್ರಕಾರ

"ನಿಮ್ಮ ನಂಬಲರ್ಹ ಮೂಲ ಯಾರು ಅಂತ ಹೇಳ್ತೀರಾ, ಇಲ್ಲ ನಾನು ಎದ್ದು ಹೋಗ್ಲಾ?"

ಮೇಕಪ್ ಕೋಣೆಯ ಕನ್ನಡಿಯಲ್ಲೇ ಅವನನ್ನು ದಿಟ್ಟಿಸಿ ಅವಳು ಕೇಳಿದಳು. ಬಣ್ಣ ತಾಗದಂತೆ ಇಬ್ಬರ ಕೊರಳಿಗೂ ಟಿಶ್ಯೂ ಸಿಕ್ಕಿಸಿತ್ತು.

ಇಬ್ಬರೂ ಟಿವಿಯ ರಾಜಕೀಯ ವಿಶ್ಲೇಷಕರು. ಪರದೆಯ ಮೇಲೆ ಹಾವು ಮುಂಗುಸಿ. ಪರದೆಯ ಆಚೆ ಅವನು ಅವಳಿಗೆ ಸಕ್ಕರೆ ಇಲ್ಲದ ಚಹಾ ತಂದಿಡುತ್ತಿದ್ದ. ಅದಕ್ಕಾಗಿಯೇ ಅವಳು ಬೇಗ ಬರುತ್ತಿದ್ದಳು.

ಕಳೆದ ವಾರ ರೈಲು ನಿಲ್ದಾಣದಲ್ಲಿ ಬಾಂಬ್ ಸಿಡಿದಿತ್ತು. 'ಗುಪ್ತಚರ ಇಲಾಖೆಗೆ ಮೊದಲೇ ಸುಳಿವಿತ್ತು, ಮಲಗಿಬಿಟ್ಟರು' ಎಂದು ಅವನು ಚರ್ಚೆಯಲ್ಲಿ ಹೇಳಿದ್ದ. ಅಪರೂಪಕ್ಕೆ ಅವಳೂ ದನಿಗೂಡಿಸಿದ್ದಳು.

ಅವಳ ಭಾವ ಅದೇ ಇಲಾಖೆಯವನು. ಈಗ ಅಕ್ಕನ ಮಕ್ಕಳನ್ನು ಪಕ್ಕದ ಮನೆಯವರು ಆಟಕ್ಕೆ ಸೇರಿಸುತ್ತಿಲ್ಲ. ಬೆಳಿಗ್ಗೆ ಅಕ್ಕ ಫೋನಿನಲ್ಲಿ ಅಳಲಿಲ್ಲ, ಬೈಯಲಿಲ್ಲ; ಒಂದೇ ಮಾತು ಕೇಳಿದ್ದಳು.

"ನಿನಗೆ ಹೇಗೆ ಗೊತ್ತಾಯ್ತು? ಅಷ್ಟು ಹೇಳೇ, ಸಾಕು."

ಚರ್ಚೆಯಲ್ಲಿ ಅವಳು ಅವನನ್ನು ನಂಬಿದ್ದಳು, ಅಷ್ಟೇ. ಅವನು ಸುಳ್ಳು ಕಟ್ಟಿ ಹೇಳಿದ್ದರೆ...?

"ಮೂಲ ನೀವೇ," ಎಂದ ಅವನು.

"ನಾನಾ?"

"ಅವರಿಗೆ ಮೊದಲೇ ಸುಳಿವು ಸಿಕ್ಕಿರುತ್ತೆ ಅಂತ ಚಹಾ ಕುಡೀವಾಗ ನೀವೇ ಹೇಳಿದ್ರಲ್ಲ. ಭಾವ ಇಲಾಖೇಲಿದ್ದಾರೆ, ಮನೆಯಿಂದ ಬಂದ ಸುದ್ದಿ ಅಂದ್ಕೊಂಡೆ. ಅದಕ್ಕೇ ಹೆಸರು ಹೇಳ್ಲಿಲ್ಲ."

"ಅದು ನನ್ನ ಊಹೆ ಕಣ್ರೀ. ಭಾವ ಊಟಕ್ಕೆ ಉಪ್ಪು ಕಮ್ಮಿಯಾದ್ರೂ ಬಾಯಿ ಬಿಡೋರಲ್ಲ. ನೀವು ಅಷ್ಟು ಗಟ್ಟಿಯಾಗಿ ಹೇಳಿದಾಗ, ನಿಮಗೂ ಬೇರೆ ಯಾರೋ ಹೇಳಿರ್ಬೇಕು ಅಂತ ನಾನೂ..."

ಇಬ್ಬರೂ ಒಬ್ಬರ ಬೆನ್ನಿಗೊಬ್ಬರು ಒರಗಿ, ಗೋಡೆಗೆ ಒರಗಿದ್ದೇವೆ ಅಂದುಕೊಂಡಿದ್ದರು.

ಚರ್ಚೆ ಶುರುವಾಯಿತು. ಮಾತು ಹಿಂತೆಗೆದುಕೊಂಡವರಿಗೆ ಈ ಚಾನೆಲ್‌ನಲ್ಲಿ ಕುರ್ಚಿ ಉಳಿಯುವುದಿಲ್ಲ. ಅವನು ನಿಜ ನುಂಗಿಕೊಂಡುಬಿಟ್ಟರೆ?

ನಿರೂಪಕಿ ಪ್ರಶ್ನೆ ಮುಗಿಸುವ ಮೊದಲೇ ಅವನೆಂದ, "ಇಲಾಖೆ ಎಡವಿತೋ ಇಲ್ಲವೋ ನನಗೆ ಗೊತ್ತಿಲ್ಲ. ಸುಳಿವಿತ್ತು ಅಂತ ಹೇಳೋಕೆ ನನ್ನ ಹತ್ರ ಆಧಾರ ಇರಲಿಲ್ಲ. ಆ ಮಾತು ವಾಪಸ್ ತಗೋತೀನಿ."

"ಮೊದಲು ಊಹಿಸಿದವಳು ನಾನು," ಎಂದಳು ಅವಳು. "ನಾನೂ ವಾಪಸ್ ತಗೋತೀನಿ."

ನಿರೂಪಕಿ ಗಡಿಬಿಡಿಯಲ್ಲಿ ಜಾಹೀರಾತಿಗೆ ಹೋದಳು. ಜಾಹೀರಾತು ಮುಗಿದಾಗ ಎರಡು ಕುರ್ಚಿಗಳು ಖಾಲಿಯಿದ್ದವು.

ಮೆಟ್ಟಿಲಿಳಿಯುವಾಗ ಅವಳ ಫೋನ್ ಬಡಿದುಕೊಂಡಿತು. ಅಕ್ಕನ ಕರೆ; ಎರಡೇ ಮಾತಿನಲ್ಲಿ ಮುಗಿಯಿತು.

"ಅಕ್ಕ ಏನಂದ್ರು?" ಅವನು ಕೇಳಿದ.

"ನೋಡಿದ್ವಿ, ಊಟಕ್ಕೆ ಬಾ ಅಂದ್ಳು."

"ಭಾವ?"

"ಏನೂ ಹೇಳ್ಲಿಲ್ಲ. ಯಾವಾಗ ಹೇಳಿದ್ದಾರೆ!"

ಅವನು ನಕ್ಕ. ಆಮೇಲೆ ಕೆಳಗೆ ನೋಡುತ್ತ, "ಇನ್ನೊಂದು ಸುದ್ದಿ ಇದೆ. ಒಬ್ಬ ವಿಶ್ಲೇಷಕನಿಗೆ ನಿಮ್ಮನ್ನ ಕಂಡ್ರೆ ತುಂಬಾ ಇಷ್ಟವಂತೆ..."

"ಅಂತೆ ಕಂತೆ ಬೇಡ. ಯಾರು ಹೇಳಿದ್ದು?"

"ನಾನು. ನನ್ನ ವಿಷಯ, ನಾನೇ ಹೇಳ್ತಿದೀನಿ."

ಅವನ ಕಾಲರಿನ ಒಳಗೆ ಮರೆತುಹೋಗಿ ಉಳಿದಿದ್ದ ಟಿಶ್ಯೂ ತೆಗೆದು ಅವಳು ಮಡಚಿಕೊಂಡಳು.

"ಊಟಕ್ಕೆ ನೀವೂ ಬನ್ನಿ. ಅಕ್ಕನಿಗೆ ನನ್ನ ವಿಷಯ ನಾನು ಹೇಳ್ಬೇಕು."