ಹದಿನೆಂಟು ತೂತಿನ ಮುಚ್ಚಳ

ಢಣ್!

ತಲೆಯ ಮೇಲೆ ಮುಚ್ಚಳ ಬಿತ್ತು. ಕಗ್ಗತ್ತಲು!

ಹೊರಗೆ ಜೂನ್ ತಿಂಗಳ ಸುಡು ಮಧ್ಯಾಹ್ನ. ಘಾಜಿಯಾಬಾದಿನ ಗೂಡ್ಸ್ ಸೈಡಿಂಗ್‌ನಲ್ಲಿ ನಿಂತ ಗೋಧಿ ವ್ಯಾಗನ್. ಒಳಗೆ ಗೋಧಿ ಇಲ್ಲ... ನಾನಿದ್ದೇನೆ.

"ಫೌಜಿ!" ಮೇಲಿನಿಂದ ತ್ಯಾಗಿಯ ದನಿ. "ಮುಚ್ಚಳ ನೋಡ್ಬೇಕು ಅಂದೆಯಲ್ಲ? ಆರಾಮಾಗಿ ನೋಡು. ಐದು ಗಂಟೆಗೆ ಬಂದು ತೆಗೀತೀನಿ."

"ಐದಕ್ಕೆ ಹೆಣ ತೆಗೀಬೇಕಾಗುತ್ತೆ ತ್ಯಾಗೀಜಿ!"

"ಅರೆ, ಭಯ ಯಾಕೆ? ನಿಮ್ಮ ಹಂಸಾ ಮೇಡಂ ಡಿಸೈನು. ಗಾಳಿ ಬರುತ್ತಂತೆ!"

ನಕ್ಕ. ಬೂಟಿನ ಸದ್ದು ದೂರವಾಯಿತು.

ಗಾಳಿಯಂತೆ... ಎಲ್ಲಿಂದ ಬರಬೇಕು ಸ್ವಾಮಿ!

ನಾನು ಉತ್ತಯ್ಯ. ಇಪ್ಪತ್ತೆರಡು ವರ್ಷ ಸೈನ್ಯದ ಗಾಡಿಗಳನ್ನು ರಿಪೇರಿ ಮಾಡಿದವನು. ಈಗ ಅಪಘಾತವಾದ ಕಡೆಗೆ ಹೋಗಿ ತಪ್ಪು ಯಾರದೆಂದು ಹುಡುಕುವ ಕೆಲಸ. ಸತ್ಯ ಸಿಕ್ಕರೆ ದೇವರ ದಯೆ. ಸಿಗದಿದ್ದರೆ ಬೆನ್ನಿಗೆ ಪೆಟ್ಟು. ಕೆಲವು ಸಲ ಎರಡೂ ಸಿಗುತ್ತವೆ.

ಈ ಸಲ ಕರೆದವಳು ಹಂಸಾ. ಸರ್ಕಾರಿ ಗುಮಾಸ್ತರಾದ ನಮ್ಮ ಕೇಶವಮೂರ್ತಿಗಳ ಮಗಳು. ಮಾನೇಸರದ ವ್ಯಾಗನ್ ಕಾರ್ಖಾನೆಯಲ್ಲಿ ಡಿಸೈನ್ ಇಂಜಿನಿಯರ್. ಎರಡು ವರ್ಷ ಕೂತು ಅವಳು ಮಾಡಿದ್ದು ಒಂದೇ ಒಂದು ಮುಚ್ಚಳ.

ನಗಬೇಡಿ! ಗೋಧಿಗೆ ಹುಳು ಹಿಡಿಯದಿರಲೆಂದು ಗೋದಾಮಿನಲ್ಲಿ ಮಾತ್ರೆ ಇಟ್ಟಿರುತ್ತಾರೆ. ಅದರ ವಿಷದ ಗ್ಯಾಸ್ ಕಾಳಿನ ಸಂದಿಯಲ್ಲಿ ಉಳಿದು, ದಾರಿಯುದ್ದಕ್ಕೂ ಬಿಡುತ್ತಾ ಬರುತ್ತದೆ. ಅದು ಹೊರಗೆ ಹೋಗಬೇಕು. ಮಳೆ ಒಳಗೆ ಬರಬಾರದು. ಹಂಸಾ ಮುಚ್ಚಳಕ್ಕೆ ಹದಿನೆಂಟು ತೂತು ಕೊರೆಸಿದಳು. ತೂತಿನ ಸಾಲಿನ ಮೇಲೆ ಪುಟ್ಟದೊಂದು ಸೂರು. ಗಾಳಿ ಓರೆಯಾಗಿ ಹೊರಗೆ ಹೋಗುತ್ತದೆ, ನೀರು ಸೂರಿನ ಮೇಲೆ ಜಾರಿ ಬೀಳುತ್ತದೆ. ಗುಬ್ಬಚ್ಚಿಗೆ ಗೂಡು ಕಟ್ಟಿಕೊಟ್ಟಂತೆ ಅಕ್ಕರೆಯಿಂದ ಮಾಡಿದ್ದಳು.

ಆದರೂ ಹೋದ ತಿಂಗಳು ಒಬ್ಬ ಕೂಲಿಯವನು ಇದೇ ವ್ಯಾಗನ್ನಿನ ಮುಚ್ಚಳ ತೆಗೆದ. ಬಗ್ಗಿ ನೋಡಿದ. ಮತ್ತೆ ಏಳಲಿಲ್ಲ.

ಡಿಸೈನ್ ಫಾಲ್ಟ್ ಎಂದಿತು ಕಾರ್ಖಾನೆ. ಇವತ್ತು ಮೂರು ಗಂಟೆಗೆ ದಿಲ್ಲಿಯಲ್ಲಿ ವಿಚಾರಣೆ. ಸೋತರೆ ಹಂಸಾಳ ಮೇಲೆ ಕೇಸು. ಆಮೇಲೆ ಜೈಲು. ಕಾರ್ಖಾನೆಯ ಪೇಂಟ್ ಶಾಪ್ ನೋಡಿಕೊಳ್ಳುವವನು ಈ ತ್ಯಾಗಿ. ನಾನು ಮುಚ್ಚಳವನ್ನು ಒಳಗಿನಿಂದ ನೋಡಲು ಇಳಿದೆನೋ ಇಲ್ಲವೋ, ಮೇಲಿನಿಂದ ಚಿಲಕ ಹಾಕಿದ್ದ!

ತಲೆಯೆತ್ತಿದೆ. ಹದಿನೆಂಟು ತೂತು ಇದ್ದರೆ ಒಂದು ಎಳೆ ಬೆಳಕಾದರೂ ಬೇಡವೇ?

ಇಲ್ಲ. ಒಂದೂ ಇಲ್ಲ!

ಕಬ್ಬಿಣದ ಗೋಡೆ ಕಾವಲಿಯಂತೆ ಕಾದಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಒಂದೊಂದು ಉಸಿರೂ ಬಿಸಿ ಗಂಜಿ ನುಂಗಿದಂತೆ.

ಇಗ್ಗುತ್ತಪ್ಪಾ... ಮಳೆ ಬೆಳೆ ಕಾಯುವ ದೇವರು ನೀನು. ಈ ಗೋಧಿ ವ್ಯಾಗನ್ನನ್ನೂ ನಿನ್ನ ಗಡಿಯೊಳಗೆ ಸೇರಿಸಿಕೊ!

ಒಳಗಿನ ಏಣಿ ಹತ್ತಿ ಮುಚ್ಚಳ ತಡವಿದೆ. ನುಣ್ಣಗಿತ್ತು. ದಪ್ಪ ಬಣ್ಣ. ಸ್ಕೂಟರ್ ಕೀಲಿಯಿಂದ ಕೆರೆದೆ. ಕೆರೆದೆ... ಕೆರೆದೆ. ಬಣ್ಣದ ಹಕ್ಕಳೆ ಎದ್ದಿತು. ಅದರಡಿ ಏನೋ ಮೆತ್ತಗೆ, ಅಂಟಂಟು.

ಟೇಪ್!

ಉಗುರು ಹಾಕಿ ಎಳೆದೆ. ಪರ್ರ್... ಆರು ತೂತು ಒಟ್ಟಿಗೇ ಕಣ್ಣು ಬಿಟ್ಟವು. ಬೆಳಕು ಬಂತು. ಗಾಳಿ ಬಂತು! ಕರು ಕೆಚ್ಚಲಿಗೆ ಬಾಯಿ ಹಾಕುವ ಹಾಗೆ ಬಾಯಿಟ್ಟು ಎಳೆದುಕೊಂಡೆ.

"ಹಂಸಾ!" ಅರಚಿದೆ. ಆಚೆ ಟೆಂಪೋದಲ್ಲಿ ಕೂತಿರು ಎಂದು ಹೇಳಿ ಬಂದಿದ್ದೆ. ಪುಣ್ಯಕ್ಕೆ ಅವಳು ಹೇಳಿದ ಮಾತು ಕೇಳುವವಳಲ್ಲ.

ಕೆಳಗಿನಿಂದ ಟಕ್ ಟಕ್ ಸದ್ದು. "ಅಂಕಲ್! ಬದುಕಿದೀರಾ?"

"ಸದ್ಯಕ್ಕೆ!"

"ನೀಚೇ ಆಯಿಯೇ... ಅಂದ್ರೆ ಕೆಳಗೆ ಬನ್ನಿ! ಗೋಧಿ ಸುರಿಯೋ ಬಾಗಿಲು ತೆಗೀತೀನಿ. ಜಾರಿಬಿಡಿ!"

ಬಾಗಿಲು ತೆರೆಯುವ ಚಕ್ರ ಕಿರುಗುಟ್ಟಿತು. ನನ್ನ ಕಾಲಡಿಯ ಇಳಿಜಾರು ಬಾಯಿ ಬಿಟ್ಟಿತು. ಐವತ್ತೆಂಟು ವರ್ಷದ ಮೈ... ಗೋಧಿ ಬೀಳುವ ದಾರಿಯಲ್ಲೇ ಹಳಿಯ ಮೇಲೆ ಬಿದ್ದೆ.

"ಮುಚ್ಚಳ ಬೇಕು," ಎಂದೆ, ಮೊಣಕೈ ರಕ್ತ ಒರೆಸುತ್ತಾ.

"ಮುಚ್ಚಳದ ಹಿಂಜ್‌ಗೆ ಎರಡೇ ಪಿನ್ನು. ಎಳೆದರೆ ಬರುತ್ತೆ. ಅಲ್ಯೂಮಿನಿಯಂ, ಹದಿನೆಂಟೇ ಕೆಜಿ."

"ಇದಕ್ಕೂ ಹದಿನೆಂಟಾ!"

ಹೊರಗಿನ ಏಣಿ ಹತ್ತಿದೆ. ಚಿಲಕ ಸರಿಸಿ ಮೊದಲ ಪಿನ್ ಎಳೆದೆ. ಎರಡನೆಯದು ಎಳೆಯುವಷ್ಟರಲ್ಲಿ ತ್ಯಾಗಿಯ ಆಳುಗಳಿಬ್ಬರು ಕಂಡರು. ಒಬ್ಬ ಮೇಲೇರಿ ಬಂದ. ಕೈಯಲ್ಲಿ ರಾಡ್!

"ಬುಡ್ಢೇ, ಇಳಿ!"

ಬೀಸಿದ. ಮುಚ್ಚಳ ಅಡ್ಡ ಹಿಡಿದೆ. ಠಣ್! ಏಟು ಅವನ ಕೈಗೇ ತಿರುಗಿ ಹೊಡೆಯಿತು. ರಾಡ್ ಬಿತ್ತು. ಮುಚ್ಚಳದ ಸಮೇತ ನೂಕಿದೆ. ಅವನೂ ಬಿದ್ದ, ಕೆಳಗೆ ನಿಂತವನ ಮೇಲೇ!

ಓಡಿದೆವು.

"ಭಯ್ಯಾ, ಚಲೋ! ದಿಲ್ಲಿ!"

ಟೆಂಪೋ ಭಯ್ಯಾ ಮುಚ್ಚಳ ನೋಡಿದ. "ಏನ್ಸಾಬ್, ಬಿಸಿಲಿಗೆ ಕೂಲರ್ ಬಿಚ್ಚಿಕೊಂಡು ಬಂದ್ರಾ?"

"ಹೂಂ. ಮಾಲೀಕ ಹಿಂದೆ ಬರ್ತಿದಾನೆ. ಒತ್ತು!"

ಒತ್ತಿದ. ಹಿಂದೆ ಮೋಟಾರ್‌ಬೈಕ್ ಬಂತು. ಬಂತು... ಬಂತು... ಪಕ್ಕಕ್ಕೇ ಬಂತು! ಹಿಂದೆ ಕೂತವನು ಟೆಂಪೋದ ಸರಳು ಹಿಡಿದ. ಹಂಸಾ ನೀರಿನ ಬಾಟಲಿ ತೆಗೆದು ಅವನ ಮುಖಕ್ಕೆ ಎರಚಿದಳು. ಕೈಬಿಟ್ಟ. ಅಷ್ಟರಲ್ಲಿ ಕಬ್ಬಿನ ಹಾಲಿನ ಗಾಡಿಯೊಂದು ಅಡ್ಡ ಬಂತು. ಬೈಕ್ ಗಾಡಿಗೆ ಹೊಡೆದು ಮಗುಚಿತು.

"ಸಾರಿ ಭಯ್ಯಾ!" ಹಂಸಾ ಹಿಂತಿರುಗಿ ಕೂಗಿದಳು. ಕಬ್ಬಿನ ಹಾಲಿನವನಿಗೆ.

ಆಮೇಲೆ ಮುಚ್ಚಳ ಮಡಿಲಲ್ಲಿಟ್ಟುಕೊಂಡು ನೋಡಿದಳು. ಕಣ್ಣಲ್ಲಿ ನೀರು.

"ಒಳಗಡೆ ಬಣ್ಣ ಬಳಿಯೋಕ್ ಮುಂಚೆ ತೂತಿಗೆ ಟೇಪ್ ಹಾಕ್ತಾರೆ ಅಂಕಲ್. ಒಣಗಿದ್ಮೇಲೆ ಕೀಳ್ತಾರೆ. ಬಚ್ಚೋಂ ಕೋ ಭೀ ಪತಾ ಹೈ, ಮಕ್ಕಳಿಗೂ ಗೊತ್ತು! ಇವ್ರು ಕಿತ್ತೇ ಇಲ್ಲ. ನನ್ನ ತಪ್ಪಲ್ಲ... ನನ್ನ ತಪ್ಪಲ್ಲ ಅಂಕಲ್!"

"ಯಾಕೆ ಕೀಳಲಿಲ್ಲ?"

"ಸೋಮಾರಿಗಳು! ಮೊದ್ಲೆಲ್ಲಾ ತಮಗೆ ತೋಚಿದ್ದು ಮಾಡ್ತಿದ್ರು, ಸಬ್ ಜುಗಾಡ್. ಒಬ್ಬನಿಗಂತೂ ನಾನೇ ಮೆಮೊ ಕೊಡಿಸಿದೆ. ಬೋರ್ಡ್ ಕೂಡ ನಾನೇ ಹಾಕಿಸಿದ್ದು. ಡ್ರಾಯಿಂಗ್‌ನಲ್ಲಿ ಇಲ್ಲದ್ದನ್ನ ಯಾರೂ ಮಾಡಬಾರದು ಅಂತ."

ಹೆಮ್ಮೆಯಿಂದಲೇ ಹೇಳಿದಳು. ನಾನು ಉಳಿದ ಟೇಪಿನ ಮೇಲೆ ಬೆರಳಾಡಿಸಿದೆ.

ಮೂರಕ್ಕೆ ಐದು ನಿಮಿಷ. ವಿಚಾರಣೆಯ ಕೋಣೆ. ಎ.ಸಿ. ತಂಪು. ತ್ಯಾಗಿ ಮೊದಲೇ ಬಂದು ಕೂತಿದ್ದ. ನನ್ನನ್ನು ನೋಡಿ ಅವನ ಮುಖದ ರಕ್ತ ಇಳಿದುಹೋಯಿತು.

ಮುಚ್ಚಳವನ್ನು ಮೇಜಿನ ಮೇಲಿಟ್ಟೆ. ಎಲ್ಲರೆದುರು ಉಳಿದ ಟೇಪ್ ಎಳೆದೆ. ಪರ್ರ್... ಹದಿನೆಂಟೂ ತೂತು ಕಂಡವು.

"ಈತ ನನ್ನನ್ನು ವ್ಯಾಗನ್ನಿನೊಳಗೆ ಕೂಡಿಹಾಕಿದ್ದ ಸರ್!"

"ಅದು ಪೊಲೀಸರ ವಿಷಯ. ಇಲ್ಲಿ ಮುಚ್ಚಳದ್ದು ಮಾತ್ರ." ಅಧಿಕಾರಿ ಕನ್ನಡಕ ಏರಿಸಿದರು. "ತ್ಯಾಗೀಜಿ, ಟೇಪ್ ಯಾಕೆ ಕೀಳಲಿಲ್ಲ?"

ತ್ಯಾಗಿ ಫೈಲು ತಡಕಾಡಿದ. "ಸಾಬ್... ನಾವು... ಡ್ರಾಯಿಂಗ್ ಪ್ರಕಾರ..."

"ಡ್ರಾಯಿಂಗ್ ಕೊಡಿ."

ಹಾಳೆ ಬಿಚ್ಚಿಕೊಂಡಿತು. ಅಧಿಕಾರಿ ಗಟ್ಟಿಯಾಗಿ ಓದಿದರು. "ಸೂಚನೆ ಏಳು. ಬಣ್ಣಕ್ಕೆ ಮುಂಚೆ ತೂತುಗಳಿಗೆ ಒಳಗಿನಿಂದ ಟೇಪ್ ಹಚ್ಚಬೇಕು." ತಿರುವಿದರು. ಮತ್ತೆ ತಿರುವಿದರು. "ಕೀಳಬೇಕು ಅಂತ ಎಲ್ಲಿದೆ?"

ಹಾಳೆಯ ಮೂಲೆಗೆ ಬೆರಳಿಟ್ಟರು.

"ಸಹಿ ಯಾರದು?"

"ನನ್ನದು," ಎಂದಳು ಹಂಸಾ.

ತ್ಯಾಗಿ ಎದ್ದು ನಿಂತ. ಮುಖಕ್ಕೆ ರಕ್ತ ಮರಳಿತ್ತು! "ಸಾಬ್, ಶಾಪ್‌ನಲ್ಲಿ ಬೋರ್ಡೇ ಇದೆ. ಡ್ರಾಯಿಂಗ್‌ನಲ್ಲಿ ಇಲ್ಲದ್ದನ್ನ ಮಾಡಬಾರದು. ಮೇಡಂ ಹಾಕಿಸಿದ್ದು. ಕೇಳಿ ಬೇಕಾದ್ರೆ!"

ಕೇಳುವುದೇನು ಬಂತು. ಹಂಸಾ ಆ ಹದಿನೆಂಟು ತೂತನ್ನೇ ನೋಡುತ್ತಿದ್ದಳು. ಒಂದು ಸಾಲು... ಎರಡು ವರ್ಷ ಗಾಳಿಯ ದಾರಿ, ನೀರಿನ ದಾರಿ ಎಲ್ಲ ಯೋಚಿಸಿದ ಹುಡುಗಿ, ಮಕ್ಕಳಿಗೂ ಗೊತ್ತಿರುವ ಒಂದು ಸಾಲು ಬರೆದಿರಲಿಲ್ಲ. ಅದಕ್ಕೊಬ್ಬ ಸತ್ತಿದ್ದ. ಅದರ ಸಾಕ್ಷಿಯನ್ನು ಏಟು ತಿಂದು ಹೊತ್ತು ತಂದವನು ನಾನು!

ಹಂಸಾ ಅಲ್ಲೇ ಸಸ್ಪೆಂಡ್. ಫೈಲು ಪೊಲೀಸರಿಗೆ.

"ಸರ್," ಅವಳು ಒಮ್ಮೆ ಮಾತ್ರ ತಲೆಯೆತ್ತಿದಳು. "ನನಗೇನಾದ್ರೂ ಆಗಲಿ. ಇನ್ನೂ ಮೂವತ್ತೊಂಬತ್ತು ವ್ಯಾಗನ್ ಇವೆ. ಟೇಪ್ ಕೀಳಿಸಿ. ಇವತ್ತೇ."

"ಕೀಳಿಸೋಣಮ್ಮ. ಮೊದಲು ಡ್ರಾಯಿಂಗ್ ತಿದ್ದಬೇಕಲ್ಲ. ತಿದ್ದಿ ಸಹಿ ಹಾಕೋ ಅಧಿಕಾರ ಯಾರಿಗಿದೆ?"

"...ನನಗೆ."

"ಅಚ್ಛಾ." ಅಧಿಕಾರಿ ಪೆನ್ನು ಮುಚ್ಚಿದರು. "ನೀವೀಗ ಸಸ್ಪೆಂಡ್."

ಹೊರಗೆ ಕೇಶವಮೂರ್ತಿಗಳು ಕಾಯುತ್ತಿದ್ದರು. ಕೈಯಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಪ್ರಸಾದ. "ಏನಾಯ್ತು ಉತ್ತಯ್ಯನವರೇ, ಸತ್ಯ ಸಿಕ್ತಾ?"

"ಸಿಕ್ತು ಸ್ವಾಮಿ," ಎಂದೆ. ಅವರ ಮುಖ ನೋಡಲಾಗಲಿಲ್ಲ.

ಕಾರಿಡಾರಿನಲ್ಲಿ ತ್ಯಾಗಿ ಹೆಗಲಿಗೆ ಕೈ ಹಾಕಿದ. "ಫೌಜಿ, ಮೊದಲೇ ಹೇಳಬಾರದಿತ್ತಾ? ಮುಚ್ಚಳ ತರೋಕೆ ನಾನೇ ಗಾಡಿ ಕಳಿಸ್ತಿದ್ದೆ!"

ಹೊಡೆಯಬಹುದಿತ್ತು. ಕೈ ಏಳಲಿಲ್ಲ. ಉಗುರಿನ ಸಂದಿಯಲ್ಲಿ ಟೇಪಿನ ಅಂಟು ಇನ್ನೂ ಇತ್ತು.

ಅಂದು ಸಂಜೆ ಮೂವತ್ತೊಂಬತ್ತೂ ವ್ಯಾಗನ್‌ಗಳು ಗೋಧಿ ತುಂಬಿಸಿಕೊಂಡು ಹೊರಟವು... ಡ್ರಾಯಿಂಗ್ ಪ್ರಕಾರ!